ಒಂದೇ ಬಾಗಿಲಿನ ಉಗ್ರಾಣ

ಪತ್ತನಾಜೆಗೆ ಮೇಳಗಳು ಗೆಜ್ಜೆ ಬಿಚ್ಚಿದ ಮೇಲೆ ನಮ್ಮ ಕಡೆ ತಾಳಮದ್ದಳೆಯ ಕಾಲ. ಮಂಜೇಶ್ವರದಿಂದ ಮುಳ್ಳೇರಿಯದವರೆಗೆ, ದೇವಸ್ಥಾನದ ಸಭಾಂಗಣದಲ್ಲೋ ಮನೆಯ ಚಾವಡಿಯಲ್ಲೋ, ಹೊರಗೆ ಆಟಿಯ ಮಳೆ ಸುರಿಯುತ್ತಿರುವಾಗ ಒಳಗೆ ಕೃಷ್ಣನೂ ಕೌರವನೂ ವಾದಕ್ಕಿಳಿಯುತ್ತಾರೆ. ಇತ್ತೀಚಿನ ವರ್ಷಗಳಲ್ಲಿ ಇಂಥ ಕೂಟಗಳಲ್ಲಿ ಅರ್ಥಧಾರಿಗಳ ಮುಂದೆ ಎಲೆಯಡಿಕೆಯ ತಟ್ಟೆಯ ಜೊತೆಗೆ ನಾಲ್ಕಾರು ಫೋನುಗಳೂ ಸಾಲಾಗಿ ಮಲಗಿರುತ್ತವೆ. ಆಡಿದ ಮಾತು ಗಾಳಿಗೆ ಹೋಗದೆ ಉಳಿಯುತ್ತದೆಂಬ ಸಮಾಧಾನ ಎಲ್ಲರಿಗೂ ಇದೆ. ಹಾಗೆ ಉಳಿದದ್ದು ಎಲ್ಲಿದೆ, ಅದನ್ನು ಹೊರತೆಗೆಯುವ ದಾರಿ ಯಾವುದು ಎಂದು ವಿಚಾರಿಸಿದರೆ ಉತ್ತರ ‘ಫೋನಿನಲ್ಲಿದೆ’ ಎಂಬಲ್ಲಿಗೆ ಮುಗಿಯುತ್ತದೆ. ಈ ವಾರ ಬರೆಯಬೇಕೆನಿಸಿದ್ದು ಆ ದಾರಿಯ ಕುರಿತು. ಅಂದರೆ ಫೋನಿನ ಬುಡದಲ್ಲಿರುವ, ನಾವು ಚಾರ್ಜಿನ ತೂತೆಂದು ಕರೆದು ಸುಮ್ಮನಾಗುವ ಸಣ್ಣ ಕಿಂಡಿಯ ಕುರಿತು.

ಕ್ಯಾಸೆಟ್ಟಿನ ಕಾಲವನ್ನು ಕಂಡವರಿಗೆ ಈ ಮಾತಿನ ತೂಕ ಬೇಗ ತಿಳಿದೀತು. ಫಿಲಿಪ್ಸ್ ಕಂಪೆನಿ 1963ರಲ್ಲಿ ಹೊರತಂದ ಆ ಪುಟ್ಟ ಪೆಟ್ಟಿಗೆ ನಮ್ಮ ಹಳ್ಳಿಗಳನ್ನು ತಲುಪಿದ್ದು ತಡವಾಗಿ. ತಲುಪಿದ ಮೇಲೆ ಶೇಣಿ ಗೋಪಾಲಕೃಷ್ಣ ಭಟ್ಟರನ್ನು ಎದುರಿಗೆ ಕಾಣದವರೂ ಅವರ ಅರ್ಥಗಾರಿಕೆಯನ್ನು ಕೇಳುವಂತಾಯಿತು. ಫಿಲಿಪ್ಸ್ ಆ ವಿನ್ಯಾಸವನ್ನು ಇತರ ತಯಾರಕರಿಗೂ ಶುಲ್ಕವಿಲ್ಲದೆ ಬಿಟ್ಟುಕೊಟ್ಟಿದ್ದರಿಂದ ಯಾವ ಕ್ಯಾಸೆಟ್ಟನ್ನು ಯಾವ ಯಂತ್ರಕ್ಕೂ ಹಾಕಬಹುದಾಗಿತ್ತು. ನಮ್ಮ ಯಂತ್ರ ಕೆಟ್ಟರೆ ನೆರೆಮನೆಯದು ಇತ್ತು. ಸುರುಳಿ ತುಂಡಾದರೆ ಅಂಟುಪಟ್ಟಿ ಹಚ್ಚಿ, ಪೆನ್ಸಿಲು ತೂರಿಸಿ ಸುತ್ತಿ, ಮತ್ತೆ ಕೇಳಬಹುದಾಗಿತ್ತು. ದಾಖಲೆ ಬೇರೆ, ಯಂತ್ರ ಬೇರೆ ಎಂಬುದೇ ಅಲ್ಲಿನ ಭಾಗ್ಯ.

ಫೋನಿನಲ್ಲಿ ಇವೆರಡೂ ಒಂದಾಗಿವೆ. ದಾಖಲೆ ಕುಳಿತಿರುವುದು ಮುಖ್ಯ ಫಲಕಕ್ಕೆ ಬೆಸುಗೆಯಾದ ಒಂದು ಚಿಪ್ಪಿನಲ್ಲಿ. ಅದನ್ನು ಕಳಚಿ ಇನ್ನೊಂದು ಫೋನಿಗೆ ಹಾಕಿ ಕೇಳುವಂತಿಲ್ಲ. ಮೊದಲು ಹೆಚ್ಚಿನ ಫೋನುಗಳಲ್ಲಿ ಉಗುರಿನಷ್ಟು ದೊಡ್ಡ ಮೆಮೊರಿ ಕಾರ್ಡಿಗೆ ಒಂದು ಗೂಡು ಇರುತ್ತಿತ್ತು. ಈಗ ಹಲವು ತಯಾರಕರು ಆ ಗೂಡನ್ನು ಮುಚ್ಚಿದ್ದಾರೆ. ಮಿಂಚಲು ಸಾಮಾನು ತುಂಬಿದ ಉಗ್ರಾಣಕ್ಕೆ ಒಂದೇ ಬಾಗಿಲು ಉಳಿದಂತಾಗಿದೆ. ನಿಸ್ತಂತು ಮಾರ್ಗಗಳಿವೆಯಲ್ಲ ಎನ್ನಬಹುದು. ಇವೆ, ಅವುಗಳ ಮಾತು ಮುಂದೆ ಬರುತ್ತದೆ. ಆದರೆ ಫೋನು ಜೀವಂತವಿದ್ದರೆ ಮಾತ್ರ ಅವು ನಡೆದಾವು, ಮತ್ತು ಫೋನಿಗೆ ಜೀವ ಹೋಗುವುದೂ ಇದೇ ಕಿಂಡಿಯ ಮೂಲಕ.

ಕುತೂಹಲದ ಸಂಗತಿಯೆಂದರೆ ಈ ಕಿಂಡಿ ಹುಟ್ಟಿದ್ದು ವಿದ್ಯುತ್ತನ್ನು ತುಂಬಲಿಕ್ಕಲ್ಲ. ಯುಎಸ್‌ಬಿ ಎಂಬ ವ್ಯವಸ್ಥೆಯ ಮೊದಲ ಆವೃತ್ತಿ ಪ್ರಕಟವಾದದ್ದು 1996ರ ಜನವರಿಯಲ್ಲಿ. ಅದರ ಶಿಲ್ಪಿಗಳಲ್ಲಿ ಮುಖ್ಯರು ಇಂಟೆಲ್ ಕಂಪೆನಿಯಲ್ಲಿದ್ದ ಅಜಯ್ ಭಟ್, ಬರೋಡದಲ್ಲಿ ಓದಿದವರು. ಕೀಲಿಮಣೆಗೊಂದು, ಮುದ್ರಣಯಂತ್ರಕ್ಕೊಂದು, ಮೌಸಿಗೊಂದು ಎಂದು ಕಂಪ್ಯೂಟರಿನ ಬೆನ್ನ ತುಂಬ ಬಗೆಬಗೆಯ ಕಿಂಡಿಗಳಿದ್ದ ಕಾಲದಲ್ಲಿ ಎಲ್ಲಕ್ಕೂ ಒಂದೇ ಕಿಂಡಿ ಸಾಕೆಂಬುದು ಅದರ ಹಿಂದಿನ ಆಲೋಚನೆ. ಅದು ಮಾಹಿತಿಯ ಹಾದಿ. ಜೋಡಿಸಿದ ಸಣ್ಣಪುಟ್ಟ ಉಪಕರಣಗಳಿಗೆ ಬೇರೆ ತಂತಿ ಬೇಡವೆಂದು ಐದು ವೋಲ್ಟಿನ ಅಲ್ಪ ವಿದ್ಯುತ್ತನ್ನೂ ಜೊತೆಗೆ ಕಳುಹಿಸಿದರು, ಅಷ್ಟೆ. ಫೋನುಗಳು ಬಂದ ಮೇಲೆ ಉಪಕಥೆಯೇ ಕಥೆಯಾಯಿತು. ಇಂದು ಕಿಂಡಿಯ ಹೆಸರೇ ಚಾರ್ಜಿಂಗ್ ಪೋರ್ಟ್. ಅದರಲ್ಲಿ ಮಾಹಿತಿಯೂ ಹರಿಯುತ್ತದೆಂಬುದನ್ನು ಮರೆತವರೇ ಹೆಚ್ಚು.

ಆಕಾರಗಳ ಇತಿಹಾಸವನ್ನು ಇಲ್ಲಿ ಹೆಚ್ಚು ಬೆಳೆಸಬೇಕಾಗಿಲ್ಲ. ಒಂದೊಂದು ಕಂಪೆನಿಗೆ ಒಂದೊಂದು ಮೊನೆಯ ಚಾರ್ಜರ್ ಇದ್ದ ದಿನಗಳು ಎಲ್ಲರಿಗೂ ನೆನಪಿವೆ. ಮದುವೆ ಮನೆಯಲ್ಲಿ ‘ಸಪೂರ ಪಿನ್ನಿನದು ಯಾರಲ್ಲಿದೆ’ ಎಂದು ಕೇಳುತ್ತ ತಿರುಗುವುದೇ ಒಬ್ಬರ ಕೆಲಸವಾಗುತ್ತಿತ್ತು. 2009ರಲ್ಲಿ ಯುರೋಪಿನಲ್ಲಿ ಪ್ರಮುಖ ತಯಾರಕರು ಮೈಕ್ರೊ ಯುಎಸ್‌ಬಿಗೆ ಒಪ್ಪಿಕೊಂಡರು. ಐದು ಸಂಪರ್ಕಗಳ, ಒಂದೇ ದಿಕ್ಕಿನಲ್ಲಿ ಕೂರುವ, ಕತ್ತಲಲ್ಲಿ ಯಾರಿಗೂ ಸರಿಯಾಗಿ ಕೂಡಿಸಲಾಗದ ಮೊನೆ ಅದು. 2014ರಲ್ಲಿ ಟೈಪ್-ಸಿ ಬಂತು. ಅದರಲ್ಲಿ ಮೇಲೆ ಹನ್ನೆರಡು, ಕೆಳಗೆ ಹನ್ನೆರಡು, ಒಟ್ಟು 24 ಸಂಪರ್ಕಗಳು, ಹೇಗೆ ಹಿಡಿದರೂ ಕೂಡುತ್ತದೆ. ಆಪಲ್ 2012ರಿಂದ ತನ್ನದೇ ಆದ ಲೈಟ್ನಿಂಗ್ ಮೊನೆಯನ್ನು ಹಿಡಿದುಕೊಂಡು ಕುಳಿತಿತ್ತು. ಯುರೋಪಿನ ಒಕ್ಕೂಟ 2024ರ ಡಿಸೆಂಬರ್ 28ರಿಂದ ಅಲ್ಲಿ ಮಾರುವ ಹೊಸ ಫೋನುಗಳಿಗೆಲ್ಲ ಟೈಪ್-ಸಿ ಕಡ್ಡಾಯವೆಂದು ಕಾನೂನು ಮಾಡಿದಾಗ ಅದೂ 2023ರ ಐಫೋನ್ 15ರಿಂದ ದಾರಿಗೆ ಬಂತು. ನಮ್ಮಲ್ಲಿ ಭಾರತೀಯ ಮಾನಕ ಬ್ಯೂರೋ ಟೈಪ್-ಸಿ ಕುರಿತ ಮಾನಕವನ್ನು 2023ರ ಆರಂಭದಲ್ಲಿ ಪ್ರಕಟಪಡಿಸಿತು. ಕ್ಯಾಸೆಟ್ಟಿಗೆ ದೊರೆತಿದ್ದ ಏಕರೂಪತೆ ಫೋನಿನ ಕಿಂಡಿಗೆ ದೊರೆಯಲು ಇಷ್ಟು ಕಾಲ ಬೇಕಾಯಿತು. ದೊರೆತದ್ದೂ ಆಕಾರದಲ್ಲಿ ಮಾತ್ರ. ನೋಡಲು ಒಂದೇ ಬಗೆಯ ಕಿಂಡಿ, ಒಂದೇ ಬಗೆಯ ಕೇಬಲ್; ಒಳಗಿನ ಯೋಗ್ಯತೆ ಬೇರೆಬೇರೆ. ಗೊಂದಲ ಶುರುವಾಗುವುದು ಇಲ್ಲಿಂದಲೇ.

‘ಚಾರ್ಜ್ ಆಗುತ್ತದೆ, ಆದರೆ ಕಂಪ್ಯೂಟರಿಗೆ ಫೋನು ಕಾಣುವುದಿಲ್ಲ’ ಎಂಬ ದೂರು ಅತ್ಯಂತ ಸಾಮಾನ್ಯವಾದುದು. ಕಾರಣವನ್ನು ತಿಳಿಯಲು ಕೇಬಲ್ಲಿನ ಕಂಪ್ಯೂಟರಿನ ಕಡೆಯ ಅಗಲ ಮೊನೆಯ ಒಳಗೆ ಬೆಳಕಿಗೆ ಹಿಡಿದು ನೋಡಬೇಕು. ಅಲ್ಲಿ ಸಾಲಾಗಿ ನಾಲ್ಕು ಲೋಹದ ಪಟ್ಟಿಗಳಿರುತ್ತವೆ. ಎರಡು ಕೊನೆಗಳಲ್ಲಿರುವವು ವಿದ್ಯುತ್ತಿಗೆ. ನಡುವಿನ ಎರಡು ಮಾಹಿತಿಗೆ. ಕೊನೆಯವೆರಡೂ ಕೊಂಚ ಉದ್ದವಾಗಿರುವುದನ್ನೂ ಗಮನಿಸಬಹುದು: ತೂರಿಸುವಾಗ ಮೊದಲು ವಿದ್ಯುತ್ತು ತಗಲಿ ಆಮೇಲೆ ಮಾತು ಆರಂಭವಾಗಲೆಂದು ಮಾಡಿದ ಏರ್ಪಾಡು ಅದು. ಊಟ ಮೊದಲು, ಮಾತು ನಂತರ ಎಂಬುದು ನಮ್ಮಲ್ಲಿಯೂ ಇರುವ ಕ್ರಮವೇ. ಟಾರ್ಚು, ಸಣ್ಣ ಫ್ಯಾನು, ಗಡ್ಡ ಕತ್ತರಿಸುವ ಯಂತ್ರ ಇಂಥವುಗಳ ಜೊತೆಗೆ ಬರುವ ಅಗ್ಗದ ಕೇಬಲ್‌ಗಳಲ್ಲಿ ನಡುವಿನ ಎರಡು ತಂತಿಗಳೇ ಇರುವುದಿಲ್ಲ. ಕೆಲವೊಮ್ಮೆ ಪಟ್ಟಿಗಳು ನಾಲ್ಕೂ ಇದ್ದು ಒಳಗಿನ ತಂತಿಗಳು ಎರಡೇ ಆಗಿರುತ್ತವೆ. ಆಗ ನೋಡಿ ತಿಳಿಯುವಂತಿಲ್ಲ, ಜೋಡಿಸಿಯೇ ತಿಳಿಯಬೇಕು. ಅಂಥ ಕೇಬಲ್ ಬ್ಯಾಟರಿಯನ್ನು ತುಂಬುತ್ತದೆ, ಕಡತಗಳನ್ನು ಒಯ್ಯಲಾರದು. ಮನೆಯಲ್ಲಿ ಐದಾರು ಕೇಬಲ್‌ಗಳಿದ್ದರೆ ಮಾಹಿತಿ ಸಾಗಿಸುವುದು ಯಾವುದೆಂದು ಒಮ್ಮೆ ಪರೀಕ್ಷಿಸಿ ಅದಕ್ಕೊಂದು ಬಣ್ಣದ ದಾರ ಕಟ್ಟಿಡುವುದು ಒಳ್ಳೆಯದು. ಫೋನಿನ ಪೆಟ್ಟಿಗೆಯಲ್ಲಿ ಬಂದ ಮೂಲ ಕೇಬಲ್ ಇದ್ದರೆ ಅದೇ ಲೇಸು. ಕಡತಗಳನ್ನು ಒಯ್ಯಲು ಉದ್ದದ್ದಕ್ಕಿಂತ ಗಿಡ್ಡ ಕೇಬಲ್ ಉತ್ತಮ.

ನಡುವಿನ ತಂತಿಗಳಿಲ್ಲದ ಆ ಕೇಬಲ್ಲನ್ನು ಎಸೆಯಬೇಕಾಗಿಲ್ಲ. ಕಾಸರಗೋಡಿನಿಂದ ಮಂಗಳೂರಿಗೆ ದಿನವೂ ರೈಲಿನಲ್ಲಿ ಓಡಾಡುವವರು ನಮ್ಮಲ್ಲಿ ಬಹಳ ಮಂದಿ. ಸಾರ್ವಜನಿಕ ಸ್ಥಳಗಳಲ್ಲಿ ಗೋಡೆಯ ಮೇಲಿನ ಬರಿಯ ಯುಎಸ್‌ಬಿ ಕಿಂಡಿಗೆ ಫೋನು ಜೋಡಿಸಿದಾಗ ಅದರ ಹಿಂದೆ ಏನಿದೆಯೆಂದು ನಮಗೆ ಕಾಣುವುದಿಲ್ಲ. ರಿಸರ್ವ್ ಬ್ಯಾಂಕು 2022ರಲ್ಲಿ ಹಣಕಾಸಿನ ವಂಚನೆಗಳ ಕುರಿತು ಹೊರತಂದ ಪುಸ್ತಿಕೆಯಲ್ಲಿ ಈ ಬಗೆಯ ಕಳವಿನ ಬಗ್ಗೆಯೂ ಎಚ್ಚರಿಸಿದೆ. ಮಾಹಿತಿಯ ತಂತಿಯೇ ಇಲ್ಲದ ಕೇಬಲ್ಲಿನಲ್ಲಿ ಕದಿಯಲು ದಾರಿಯೇ ಇಲ್ಲ. ನಮ್ಮದೇ ಚಾರ್ಜರನ್ನು ವಿದ್ಯುತ್ತಿನ ಸಾಕೆಟ್ಟಿಗೆ ಸಿಕ್ಕಿಸುವವರಿಗೆ ಈ ಚಿಂತೆ ಹೇಗೂ ಬೇಡ.

ಕೇಬಲ್ ಸರಿಯಿದ್ದರೂ ಫೋನು ಕಾಣದಿರಬಹುದು. 2015ರಲ್ಲಿ ಬಂದ ಆಂಡ್ರಾಯ್ಡ್‌ನ ಆರನೆಯ ಆವೃತ್ತಿಯಿಂದ ಈಚೆಗೆ, ಕಂಪ್ಯೂಟರಿಗೆ ಜೋಡಿಸಿದ ಫೋನು ತಾನಾಗಿ ಬಾಗಿಲು ತೆರೆಯುವುದಿಲ್ಲ. ವಿದ್ಯುತ್ತನ್ನಷ್ಟೇ ಸ್ವೀಕರಿಸಿ ಸುಮ್ಮನಿರುತ್ತದೆ. ಕಳ್ಳರಿಗೆ ಹೆದರಿ ಮಾಡಿದ ಏರ್ಪಾಡಾದ್ದರಿಂದ ಆಕ್ಷೇಪಿಸುವಂತಿಲ್ಲ. ಫೋನಿನ ಬೀಗವನ್ನು ತೆರೆದು, ಪರದೆಯನ್ನು ಮೇಲಿನಿಂದ ಕೆಳಕ್ಕೆ ಎಳೆದರೆ ಯುಎಸ್‌ಬಿ ಮೂಲಕ ಚಾರ್ಜ್ ಆಗುತ್ತಿದೆ ಎಂಬ ಅರ್ಥದ ಸೂಚನೆಯೊಂದು ಕಾಣುತ್ತದೆ. ಅದನ್ನು ಮುಟ್ಟಿ, ಕಡತ ವರ್ಗಾವಣೆ ಅಥವಾ ಫೈಲ್ ಟ್ರಾನ್ಸ್‌ಫರ್ ಎಂಬ ಆಯ್ಕೆಯನ್ನು ಒತ್ತಬೇಕು. ಪ್ರತಿ ಸಲ ಜೋಡಿಸಿದಾಗಲೂ ಇದನ್ನು ಮಾಡಬೇಕು. ಐಫೋನಿನಲ್ಲಿ ‘ಈ ಕಂಪ್ಯೂಟರನ್ನು ನಂಬುವಿರಾ’ ಎಂಬ ಪ್ರಶ್ನೆ ಬರುತ್ತದೆ. ಒಪ್ಪಿದ ಮೇಲೂ ವಿಂಡೋಸ್ ಕಂಪ್ಯೂಟರಿನ ಕಡತಕೋಶದಲ್ಲಿ ತೆರೆದು ತೋರುವುದು ಚಿತ್ರ ಮತ್ತು ವೀಡಿಯೋಗಳನ್ನು ಮಾತ್ರ.

ಇಲ್ಲಿ ಇನ್ನೊಂದು ತೊಡಕಿದೆ. ಪೆನ್‌ಡ್ರೈವ್ ಜೋಡಿಸಿದಾಗ ಕಂಪ್ಯೂಟರು ಅದನ್ನು ತನ್ನದೇ ಒಂದು ಡಿಸ್ಕಿನಂತೆ ಕಾಣುತ್ತದೆ. ಮೊದಮೊದಲ ಆಂಡ್ರಾಯ್ಡ್ ಫೋನುಗಳೂ ಹಾಗೆಯೇ ಇದ್ದವು. ಹಾಗೆ ಮಾಡಬೇಕಾದರೆ ಫೋನು ತನ್ನ ಉಗ್ರಾಣವನ್ನು ಪೂರ್ತಿಯಾಗಿ ಕಂಪ್ಯೂಟರಿಗೆ ಒಪ್ಪಿಸಿ ತಾನು ಕೈಕಟ್ಟಿ ನಿಲ್ಲಬೇಕಾಗುತ್ತಿತ್ತು. ಒಂದು ಉಗ್ರಾಣಕ್ಕೆ ಏಕಕಾಲದಲ್ಲಿ ಇಬ್ಬರು ಒಡೆಯರಿದ್ದರೆ ಲೆಕ್ಕ ಕೆಡುತ್ತದೆ. ಆದುದರಿಂದ 2011ರ ಹೊತ್ತಿಗೆ ಎಂಟಿಪಿ ಎಂಬ ಬೇರೊಂದು ಪದ್ಧತಿಗೆ ಹೊರಳಿದರು. ಇದು ಮೂಲತಃ ಮೈಕ್ರೊಸಾಫ್ಟ್ ರೂಪಿಸಿದ್ದು. ಇದರಲ್ಲಿ ಕೀಲಿಕೈ ಫೋನಿನ ಬಳಿಯೇ ಇರುತ್ತದೆ. ಕಂಪ್ಯೂಟರು ಬಾಗಿಲಲ್ಲಿ ನಿಂತು ಇಂಥದ್ದು ಬೇಕೆಂದು ಕೇಳುತ್ತದೆ, ಫೋನು ಒಳಗಿನಿಂದ ಒಂದೊಂದಾಗಿ ತಂದು ಕೊಡುತ್ತದೆ. ನೂರಾರು ಚಿತ್ರಗಳಿರುವ ಕೋಶವನ್ನು ತೆರೆದಾಗ ಹಸಿರು ಪಟ್ಟಿ ಆಮೆಯಂತೆ ಸಾಗುವುದಕ್ಕೆ ಇದೇ ಕಾರಣ. ಫೋನು ಕೆಟ್ಟಿದೆಯೆಂದು ತಿಳಿದು ಕೇಬಲ್ಲನ್ನು ಕಿತ್ತರೆ ಕೆಲಸ ಅರ್ಧದಲ್ಲಿ ನಿಲ್ಲುತ್ತದೆ. ಈ ಪದ್ಧತಿಯಲ್ಲಿ ಫೋನಿನೊಳಗಿನ ಕಡತವನ್ನು ಅಲ್ಲಿಯೇ ತಿದ್ದಲು ಹೋಗಬಾರದು. ಮೊದಲು ಕಂಪ್ಯೂಟರಿಗೆ ನಕಲು ಮಾಡಿಕೊಂಡು ಅಲ್ಲಿ ತೆರೆಯಬೇಕು.

ಸಮಯ ಎಷ್ಟು ಬೇಕಾದೀತು? ಟೈಪ್-ಸಿ ಕಿಂಡಿಯಿದ್ದರೂ ಸಾಧಾರಣ ಬೆಲೆಯ ಬಹುಪಾಲು ಫೋನುಗಳ ಒಳಗಿರುವುದು 2000ದಲ್ಲಿ ಬಂದ ಯುಎಸ್‌ಬಿ 2.0 ವ್ಯವಸ್ಥೆಯೇ. ಬೆಲೆಬಾಳುವ ಐಫೋನ್ 15ರಲ್ಲಿಯೂ ಅದೇ ಇದ್ದುದು. ಸೆಕೆಂಡಿಗೆ 480 ಮೆಗಾಬಿಟ್ ಎಂದು ಅದರ ಲೆಕ್ಕ. ರೂಢಿಯಲ್ಲಿ ಸೆಕೆಂಡಿಗೆ ಮೂವತ್ತು ಮೆಗಾಬೈಟ್ ದಾಟಿದರೆ ಸಂತೋಷಪಡಬೇಕು. ಹಾಗಿದ್ದೂ ನಮ್ಮ ಕೆಲಸಕ್ಕೆ ಇದು ಧಾರಾಳ. ಆರು ಗಂಟೆಗಳ ಒಂದು ತಾಳಮದ್ದಳೆಯ ಧ್ವನಿಯನ್ನು 128 ಕಿಲೋಬಿಟ್ ದರದಲ್ಲಿ ಮುದ್ರಿಸಿದರೆ ಅದು ಸುಮಾರು 350 ಮೆಗಾಬೈಟ್ ಆಗುತ್ತದೆ. ರಾತ್ರಿಯಿಡೀ ನಡೆದ ವಾದ ಕೇಬಲ್ಲಿನ ಮೂಲಕ ಹಾದುಹೋಗಲು ಅರ್ಧ ನಿಮಿಷ ಸಾಕು. ಇದಕ್ಕೆ ಬಿಡುವಿಲ್ಲವೆನ್ನುವುದು ನ್ಯಾಯವಲ್ಲ.

ಈಗ ಬಾಗಿಲಿನ ಆರೋಗ್ಯದ ಮಾತು. ಟೈಪ್-ಸಿ ಮೊನೆ ಹತ್ತು ಸಾವಿರ ಸಲ ಹಾಕಿ ತೆಗೆಯುವುದನ್ನು ತಾಳಬೇಕೆಂಬುದು ಮಾನಕದ ನಿಯಮ. ದಿನಕ್ಕೆ ಮೂರು ಸಲವೆಂದರೂ ಒಂಬತ್ತು ವರ್ಷ. ವಿನ್ಯಾಸಕಾರರು ಇನ್ನೊಂದು ಜಾಣತನವನ್ನೂ ಮಾಡಿದ್ದಾರೆ: ಸವೆಯುವ ಸ್ಪ್ರಿಂಗುಗಳನ್ನು ಫೋನಿನಲ್ಲಿಡದೆ ಕೇಬಲ್ಲಿನ ಮೊನೆಯಲ್ಲಿಟ್ಟಿದ್ದಾರೆ, ಸವೆದರೆ ಅಗ್ಗದ ವಸ್ತು ಸವೆಯಲಿ ಎಂದು. ಆದುದರಿಂದ ಕೂಡಿಕೆ ಸಡಿಲವಾಯಿತೆನಿಸಿದರೆ ಮೊದಲು ಬದಲಾಯಿಸಿ ನೋಡಬೇಕಾದದ್ದು ಕೇಬಲ್ಲನ್ನು. ಇಷ್ಟಿದ್ದೂ ನಮ್ಮ ಊರಿನ ಫೋನುಗಳ ಕಿಂಡಿಗಳು ಎರಡು ಮೂರು ವರ್ಷಗಳಲ್ಲಿಯೇ ಮುಷ್ಕರ ಹೂಡುವುದೇಕೆ? ಲೆಕ್ಕದ ಹತ್ತು ಸಾವಿರದಲ್ಲಿ ಅಂಗಿಯ ಜೇಬಿನ ನೂಲು, ಅಡಿಕೆ ಅಂಗಳದ ಧೂಳು, ಕಡಲ ಗಾಳಿಯ ಉಪ್ಪು, ಜೂನಿನಿಂದ ಸೆಪ್ಟೆಂಬರಿನವರೆಗಿನ ತೇವ ಇವು ಸೇರಿಲ್ಲ. ಮಲಗಿಕೊಂಡು, ಕೇಬಲ್ ಸಿಕ್ಕಿಸಿದ ಫೋನಿನ ಬುಡವನ್ನು ಎದೆಗೆ ಒತ್ತಿ ನೋಡುವ ಅಭ್ಯಾಸವೂ ಸೇರಿಲ್ಲ. ಕಿಂಡಿಯ ನಡುವಿನ ತೆಳ್ಳಗಿನ ನಾಲಗೆ ಆ ಸನ್ನೆಯ ಭಾರಕ್ಕೆ ಸೀಳುತ್ತದೆ.

ನೂಲು ಮತ್ತು ಧೂಳು ಸೇರಿದ ಗಟ್ಟಿ ಉಂಡೆ ಕಿಂಡಿಯ ಆಳದಲ್ಲಿ ಕುಳಿತರೆ ಮೊನೆ ಪೂರ್ತಿ ಒಳಸೇರುವುದಿಲ್ಲ. ರಿಪೇರಿಗೆ ಒಯ್ಯುವ ಫೋನುಗಳಲ್ಲಿ ಎಷ್ಟೋ ಇದರಿಂದಲೇ ನರಳುವಂಥವು. ಫೋನನ್ನು ಆರಿಸಿ, ಬೆಳಕಿಗೆ ಹಿಡಿದು, ಮರದ ಹಲ್ಲುಕಡ್ಡಿಯಿಂದ ಗೋಡೆಯ ಬದಿಯಲ್ಲಿ ಮೆಲ್ಲನೆ ಕೆದಕಿದರೆ ಹೊರಬರುತ್ತದೆ. ಸೂಜಿ, ಪಿನ್ನು, ಹೇರ್‌ಪಿನ್ನುಗಳನ್ನು ಬಳಸಲೇಬಾರದು. ನಡುವಿನ ನಾಲಗೆಯನ್ನು ಮುಟ್ಟಬಾರದು. ತೇವದ ಹಾವಳಿ ಇದಕ್ಕಿಂತ ಕೆಟ್ಟದ್ದು. ಒದ್ದೆಯಾದ ಕಿಂಡಿಗೆ ಚಾರ್ಜರ್ ಸಿಕ್ಕಿಸಿದಾಗ ವಿದ್ಯುತ್ತು ನೀರಿನಲ್ಲಿ ಹರಿದು, ಸಂಪರ್ಕಗಳ ಮೇಲಿನ ಲೇಪವನ್ನು ಕರಗಿಸಿ ತಾಮ್ರವನ್ನು ತಿನ್ನುತ್ತದೆ. ಹಳೆಯ ತಾಮ್ರದ ಪಾತ್ರೆಯ ಅಂಚಿನಲ್ಲಿ ಕಾಣುವಂಥ ಹಸಿರು ಕಿಲುಬು ಅಲ್ಲಿಯೂ ಕಾಣಿಸಿಕೊಳ್ಳುತ್ತದೆ. ಮಳೆಯಲ್ಲಿ ನೆನೆದು ಬಂದ ಕೂಡಲೇ ಫೋನನ್ನು ಚಾರ್ಜಿಗಿಡುವುದಕ್ಕಿಂತ ದೊಡ್ಡ ದ್ರೋಹ ಅದಕ್ಕಿಲ್ಲ. ಅಕ್ಕಿಯ ಡಬ್ಬಿಯಲ್ಲಿ ಹೂತಿಡುವ ಉಪಾಯ ಎಲ್ಲೆಡೆ ಪ್ರಚಾರದಲ್ಲಿದೆ. ಅಕ್ಕಿಯ ಕಣಗಳು ಒಳಸೇರಿ ಫೋನಿಗೆ ಹಾನಿಯಾದೀತೆಂದು ಆಪಲ್ ಕಂಪೆನಿಯೇ ತನ್ನ ಗ್ರಾಹಕರಿಗೆ ತಿಳಿಹೇಳಿದೆ. ಕಿಂಡಿಯನ್ನು ಕೆಳಮುಖವಾಗಿ ಹಿಡಿದು ಅಂಗೈಗೆ ಮೆಲ್ಲನೆ ತಟ್ಟಿ, ಗಾಳಿಯಾಡುವಲ್ಲಿಟ್ಟು ಕಾಯುವುದೇ ಸರಿಯಾದ ಕ್ರಮ. ಕುಚ್ಚಿಲಕ್ಕಿ ಗಂಜಿಗಿರಲಿ.

ಬಾಗಿಲು ಕೆಡುವ ಮುನ್ನ ಸೂಚನೆ ಕೊಡುತ್ತದೆ. ಮೊನೆಯನ್ನು ಒಂದು ಮಗ್ಗುಲಲ್ಲಿ ಹಿಡಿದರೆ ಚಾರ್ಜ್ ಆಗಿ, ತಿರುಗಿಸಿದರೆ ಆಗದಿದ್ದಲ್ಲಿ ಒಂದು ಸಾಲಿನ ಸಂಪರ್ಕಗಳು ಹಾಳಾಗಿವೆಯೆಂದು ತಿಳಿಯಬೇಕು. ಮೊದಲು ಬೇಗ ತುಂಬುತ್ತಿದ್ದ ಬ್ಯಾಟರಿ ಅದೇ ಚಾರ್ಜರಿನಲ್ಲಿ ಈಗ ತಾಸುಗಟ್ಟಲೆ ತೆಗೆದುಕೊಂಡರೂ ಹಾಗೆಯೇ: ವೇಗದ ಚಾರ್ಜಿಂಗಿಗೆ ಮೊದಲು ಚಾರ್ಜರ್ ಮತ್ತು ಫೋನು ಪರಸ್ಪರ ಮಾತಾಡಿಕೊಳ್ಳಬೇಕು, ಆ ಮಾತಿನ ತಂತಿ ತುಂಡಾದಾಗ ಅವು ನಿಧಾನದ ಹಳೆಯ ಕ್ರಮಕ್ಕೆ ಹಿಂದಿರುಗುತ್ತವೆ. ಕೇಬಲ್ಲಿಗೆ ಕಲ್ಲಿನ ಭಾರವಿಟ್ಟು, ಒಂದು ಕೋನದಲ್ಲಿ ಬಾಗಿಸಿ, ಉಸಿರು ಬಿಗಿಹಿಡಿದು ಚಾರ್ಜ್ ಮಾಡುವವರು ಪ್ರತಿ ಊರಿನಲ್ಲಿದ್ದಾರೆ. ಅಂಥವರು ಕಡತಗಳನ್ನು ಹೊರತೆಗೆಯಬೇಕಾದದ್ದು ಅಂದೇ.

ನಾಳೆ ಎಂದರೆ ಏನಾಗುತ್ತದೆ ಎಂಬುದನ್ನು ವಿವರವಾಗಿ ಹೇಳಬೇಕಾಗಿದೆ. ಕಿಂಡಿ ಸತ್ತು ಬ್ಯಾಟರಿ ಬರಿದಾದ ಮೇಲೂ ‘ಅಂಗಡಿಯವರು ಹೇಗಾದರೂ ತೆಗೆದುಕೊಡುತ್ತಾರೆ’ ಎಂಬ ನಂಬಿಕೆ ನಮ್ಮಲ್ಲಿದೆ. ಹಿಂದೊಂದು ಕಾಲದಲ್ಲಿ ಅದು ಪೂರ್ತಿ ಸುಳ್ಳಾಗಿರಲಿಲ್ಲ. ಈಗ ಫೋನಿನೊಳಗಿನ ಎಲ್ಲವೂ ಗೂಢಲಿಪಿಯಲ್ಲಿರುತ್ತದೆ. 2019ರ ಆಂಡ್ರಾಯ್ಡ್ 10ರಿಂದ ಹೊಸ ಫೋನುಗಳಿಗೆಲ್ಲ ಇದು ಕಡ್ಡಾಯ, ಅದಕ್ಕೂ ಮೊದಲಿನ ಎಷ್ಟೋ ಫೋನುಗಳಲ್ಲಿಯೂ ಇದೆ. ಗೂಢಲಿಪಿಯನ್ನು ಬಿಡಿಸುವ ಕೀಲಿ ಅದೇ ಫೋನಿನ ಸಂಸ್ಕಾರಕದೊಳಗೆ ಹುದುಗಿದ್ದು, ನಾವು ಒತ್ತುವ ಗುಪ್ತಸಂಖ್ಯೆಯೊಡನೆ ಸೇರಿದಾಗಲೇ ತೆರೆಯುತ್ತದೆ. ಮೆಮೊರಿಯ ಚಿಪ್ಪನ್ನು ಕಿತ್ತು ಬೇರೆಡೆ ಇಟ್ಟರೆ ಸಿಗುವುದು ಅರ್ಥವಿಲ್ಲದ ಅಂಕೆಗಳ ರಾಶಿ. ಕಳ್ಳನಿಗೆ ಹಾಕಿದ ಬೀಗ ಮನೆಯವರಿಗೂ ಅಷ್ಟೇ ಗಟ್ಟಿ. ಮುಖ್ಯ ಫಲಕ ನೆಟ್ಟಗಿದ್ದು, ಕಿಂಡಿ ಕೆಲಸ ಮಾಡಿ, ಪರದೆ ಬೆಳಗಿ, ಗುಪ್ತಸಂಖ್ಯೆ ಯಾರಿಗಾದರೂ ಗೊತ್ತಿದ್ದರೆ ಮಾತ್ರ ಒಳಗಿನದು ಹೊರಬಂದೀತು. ಬೆರಳಚ್ಚು ಸಾಲದು: ಆರಿಹೋದ ಫೋನು ಮತ್ತೆ ಎದ್ದಾಗ ಮೊದಲ ಸಲ ಅದು ಕೇಳುವುದು ಗುಪ್ತಸಂಖ್ಯೆಯನ್ನೇ.

ಹಿರಿಯರೊಬ್ಬರು ತೀರಿಕೊಂಡ ಮನೆಯಲ್ಲಿ ಇದರ ಪರಿಣಾಮವನ್ನು ಊಹಿಸಬಹುದು. ಅವರ ಫೋನು ಕಪಾಟಿನಲ್ಲಿ ವರ್ಷವಿಡೀ ಚಾರ್ಜಿಲ್ಲದೆ ಬಿದ್ದಿರುತ್ತದೆ. ಅದರಲ್ಲಿ ಅವರು ಮೊಮ್ಮಗಳಿಗೆ ಹೇಳಿಕೊಟ್ಟ ಶೋಭಾನೆ ಇರಬಹುದು, ಕನ್ನಡ ಶಾಲೆಯ ವಿದಾಯಕೂಟದಲ್ಲಿ ಆಡಿದ ಮಾತಿರಬಹುದು, 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿದ ದಿನದ ನೆನಪಿರಬಹುದು. ಆ ದಿನವನ್ನು ಕಣ್ಣಾರೆ ಕಂಡು ನೆನಪಿಟ್ಟುಕೊಂಡವರಿಗೆ ಈಗ ಎಂಬತ್ತರ ಮೇಲೆ ಹತ್ತಿರ. ಪ್ರಸಿದ್ಧರ ಮಾತನ್ನು ಆಕಾಶವಾಣಿಯೋ ವಿಶ್ವವಿದ್ಯಾನಿಲಯವೋ ಮುದ್ರಿಸಿಟ್ಟೀತು. ಗಡಿಯಾಚೆಗೆ ಉಳಿದ ನಮ್ಮ ಮನೆಮಾತಿನ ಬನಿ, ಪೆರ್ಲದ ಕನ್ನಡಕ್ಕೂ ಉಪ್ಪಳದ ಕನ್ನಡಕ್ಕೂ ಇರುವ ಸೂಕ್ಷ್ಮ ಭೇದ, ಅಜ್ಜಿಯ ಗಾದೆಗಳು, ಇವುಗಳಿಗೆ ಮನೆಯವರ ಫೋನುಗಳಲ್ಲದೆ ಬೇರೆ ಭಂಡಾರವಿಲ್ಲ.

ಆಕಾಶದಲ್ಲೆಲ್ಲೋ ಇರುವ ಕ್ಲೌಡ್ ಎಂಬ ಸಂಗ್ರಹ ಇದೆಯಲ್ಲ ಎಂಬ ಪ್ರಶ್ನೆ ಬಂದೇ ಬರುತ್ತದೆ. ಇದೆ, ಉಪಯೋಗಿಸಲೂಬೇಕು. ಆದರೆ ಗೂಗಲ್ ಫೋಟೋಸ್ ನೋಡಿಕೊಳ್ಳುವುದು ಚಿತ್ರ ಮತ್ತು ವೀಡಿಯೋಗಳನ್ನು. ಧ್ವನಿಮುದ್ರಣಗಳು ಅದರ ಪಾಲಿಗೆ ಇಲ್ಲವೇ ಇಲ್ಲ. ಮಿತಿಯಿಲ್ಲದ ಉಚಿತ ಸಂಗ್ರಹವೂ 2021ರ ಜೂನ್ 1ಕ್ಕೆ ಮುಗಿಯಿತು; ಅಂಚೆ, ಚಿತ್ರ ಎಲ್ಲ ಸೇರಿ ಉಚಿತವಾಗಿ ದೊರೆಯುವುದು 15 ಗಿಗಾಬೈಟ್. ಅದು ತುಂಬಿದ ದಿನ ಉಳಿಸುವ ಕೆಲಸ ನಿಲ್ಲುತ್ತದೆ, ಸೂಚನೆಯನ್ನು ಯಾರೂ ಓದುವುದಿಲ್ಲ. ವಾಟ್ಸ್ಯಾಪಿನಲ್ಲಿ ಕುಟುಂಬದ ಗುಂಪಿಗೆ ಕಳುಹಿಸಿದ್ದೇವೆಂಬುದೂ ಪೂರ್ಣ ಪರಿಹಾರವಲ್ಲ. ಅದು ವೀಡಿಯೋವನ್ನು ಹಿಂಡಿ ಹಿಪ್ಪೆ ಮಾಡಿ ಕಳುಹಿಸುತ್ತದೆ. ಕಿಂಡಿ ಚಾರ್ಜಿಗಷ್ಟೇ ಒದಗಿ ಮಾಹಿತಿಯ ತಂತಿ ಹೋಗಿದ್ದರೆ ಮಾತ್ರ ನಿಸ್ತಂತು ಮಾರ್ಗವೇ ಗತಿ: ವೈಫೈ ಮೂಲಕ ಹತ್ತಿರದ ಇನ್ನೊಂದು ಫೋನಿಗೆ ದಾಟಿಸಬಹುದು. ಕಿಂಡಿ ಪೂರ್ತಿ ಸತ್ತಿದ್ದರೂ ಕೈಚೆಲ್ಲಬೇಕಾಗಿಲ್ಲ. ಹಲವು ಫೋನುಗಳಲ್ಲಿ ಅದು ಮುಖ್ಯ ಫಲಕದಿಂದ ಬೇರೆಯಾದ ಒಂದು ಸಣ್ಣ ಫಲಕದ ಮೇಲಿರುತ್ತದೆ. ಅದನ್ನಷ್ಟೇ ಬದಲಾಯಿಸಿದರೆ ಒಳಗಿನ ದಾಖಲೆಗಳಿಗೆ ಏನೂ ಆಗುವುದಿಲ್ಲ. ರಿಪೇರಿಗೆ ಕೊಡುವಾಗ ‘ರೀಸೆಟ್ ಮಾಡಬೇಡಿ, ಒಳಗೆ ಬೇಕಾದದ್ದಿದೆ’ ಎಂದು ಕನ್ನಡದಲ್ಲಿಯೋ ಮಲಯಾಳದಲ್ಲಿಯೋ ಸ್ಪಷ್ಟವಾಗಿ ಹೇಳಿ, ಚೀಟಿಯ ಮೇಲೂ ಬರೆಯಿಸಬೇಕು.

ಕೆಲಸಕ್ಕೆ ಕುಳಿತಾಗ ಗಮನಿಸಬೇಕಾದವು ಕೆಲವಿವೆ. ಕ್ಯಾಮೆರಾದ ಚಿತ್ರಗಳು ಡಿಸಿಐಎಂ ಎಂಬ ಕೋಶದಲ್ಲಿರುತ್ತವೆ. ಧ್ವನಿಮುದ್ರಣಗಳು ರೆಕಾರ್ಡಿಂಗ್ಸ್ ಎಂದೋ ವಾಯ್ಸ್ ರೆಕಾರ್ಡರ್ ಎಂದೋ ಹೆಸರಿರುವ ಕೋಶದಲ್ಲಿ. ವಾಟ್ಸ್ಯಾಪಿನಲ್ಲಿ ಬಂದವುಗಳನ್ನು ಹೆಚ್ಚಿನವರು ಹುಡುಕಿ ಸೋಲುತ್ತಾರೆ. ಈಗಿನ ಫೋನುಗಳಲ್ಲಿ ಅವು ಆಂಡ್ರಾಯ್ಡ್ ಎಂಬ ಕೋಶದೊಳಗೆ ಮೀಡಿಯಾ ಎಂಬುದರ ಒಳಗೆ ವಾಟ್ಸ್ಯಾಪಿನ ಹೆಸರಿನಲ್ಲಿ ಅವಿತಿರುತ್ತವೆ. ಎಂದೂ ಕತ್ತರಿಸಿ ಅಂಟಿಸಬಾರದು. ನಕಲು ಮಾಡಿ, ಕಂಪ್ಯೂಟರಿನಲ್ಲಿ ಎರಡು ಮೂರು ಕಡತಗಳನ್ನು ತೆರೆದು ಕೊನೆಯವರೆಗೂ ಓಡುತ್ತವೆಯೇ ಎಂದು ನೋಡಿ, ಎರಡು ಕಡೆಗಳಲ್ಲಿಯೂ ಎಣಿಕೆ ಸರಿಯಿದೆಯೆಂದು ಖಚಿತವಾದ ಮೇಲಷ್ಟೇ ಫೋನಿನಿಂದ ಅಳಿಸಬಹುದು. ಪೆನ್‌ಡ್ರೈವಿಗೆ ದೊಡ್ಡ ವೀಡಿಯೋ ಹಾಕುವಾಗ ‘ಜಾಗ ಸಾಲದು’ ಎಂದು ತಕರಾರು ಬಂದರೆ ಜಾಗ ಇದ್ದೂ ಬರುವುದುಂಟು: ಎಫ್‌ಎಟಿ 32 ಎಂಬ ಹಳೆಯ ವಿನ್ಯಾಸದ ಡ್ರೈವು 4 ಗಿಗಾಬೈಟಿಗಿಂತ ದೊಡ್ಡ ಒಂದೇ ಕಡತವನ್ನು ಒಪ್ಪುವುದಿಲ್ಲ. ಅದನ್ನು ಎಕ್ಸ್‌ಫ್ಯಾಟ್ ವಿನ್ಯಾಸಕ್ಕೆ ಬದಲಾಯಿಸಿಕೊಳ್ಳಬೇಕು. ಹಾಗೆ ಬದಲಾಯಿಸುವಾಗ ಡ್ರೈವಿನಲ್ಲಿದ್ದುದೆಲ್ಲ ಅಳಿಸಿಹೋಗುತ್ತದೆಂಬುದು ನೆನಪಿರಲಿ. ಕಂಪ್ಯೂಟರಿಲ್ಲದ ಮನೆಯವರು ಟೈಪ್-ಸಿ ಮೊನೆಯ ಪೆನ್‌ಡ್ರೈವನ್ನು ನೇರವಾಗಿ ಫೋನಿಗೇ ಸಿಕ್ಕಿಸಿ ನಕಲು ಮಾಡಬಹುದು.

ಇನ್ನುಳಿದದ್ದು ಹೆಸರು. ಫೋನು ತಾನಾಗಿ ಕೊಡುವ ಉದ್ದದ ಅಂಕೆಯ ಸಾಲಿನಿಂದ ಹತ್ತು ವರ್ಷಗಳ ನಂತರ ಯಾರಿಗೂ ಏನೂ ತಿಳಿಯದು. ಹೀಗೆ ನಕಲಾಗುವಾಗ ಕಡತದ ಮೂಲ ದಿನಾಂಕ ಮರೆಯಾಗಿ ನಕಲು ಮಾಡಿದ ದಿನದ ದಿನಾಂಕವೇ ಕುಳಿತುಬಿಡುವುದೂ ಇದೆ. ಆದ್ದರಿಂದ ಹೆಸರಿನಲ್ಲಿಯೇ ವರ್ಷ, ತಿಂಗಳು, ದಿನ ಈ ಕ್ರಮದಲ್ಲಿ ತಾರೀಕನ್ನು ಬರೆದು, ಮುಂದೆ ಪ್ರಸಂಗ, ಸ್ಥಳ, ಭಾಗವತರು, ಅರ್ಥಧಾರಿಗಳ ಹೆಸರುಗಳನ್ನು ಸೇರಿಸಬೇಕು. ಆಗ ಕಡತಗಳು ತಾವಾಗಿ ಕಾಲಕ್ರಮದಲ್ಲಿ ನಿಲ್ಲುತ್ತವೆ. ಇದನ್ನು ಇಂಗ್ಲಿಷಿನಲ್ಲಿ ಬರೆಯಬೇಕೆಂಬ ನಿರ್ಬಂಧವಿಲ್ಲ. ವಿಂಡೋಸ್, ಆಂಡ್ರಾಯ್ಡ್ ಎರಡೂ ಕನ್ನಡದ ಯುನಿಕೋಡ್ ಅಕ್ಷರಗಳ ಹೆಸರನ್ನು ಒಪ್ಪುತ್ತವೆ. ಓರೆಗೆರೆಯನ್ನೂ ಪ್ರಶ್ನಾರ್ಥಕ ಚಿಹ್ನೆಯನ್ನೂ ಮಾತ್ರ ವಿಂಡೋಸ್ ಸಹಿಸುವುದಿಲ್ಲ. ಅವುಗಳ ಬದಲಿಗೆ ಒಂದು ಅಡ್ಡಗೆರೆ ಸಾಕು.